ಕರೆಂಟ್ ಬಿಲ್ಲೂ ಒಂದು ಪಾಠಪುಸ್ತಕ

ಮಹಾಲಕ್ಷ್ಮಿ ಲೇಔಟಿನ ನಮ್ಮ ಬೀದಿಗೆ ತಿಂಗಳಿಗೊಮ್ಮೆ ಮೀಟರ್ ಓದುವವರು ಬರುತ್ತಾರೆ. ಅವರ ಕೈಯಲ್ಲಿರುವ ಪುಟ್ಟ ಯಂತ್ರ ಉದ್ದನೆಯ ಚೀಟಿಯೊಂದನ್ನು ಹೊರಹಾಕುತ್ತದೆ. ಮನೆಯವರು ಕೊನೆಯ ಮೊತ್ತವನ್ನಷ್ಟೇ ನೋಡಿ, ಅದನ್ನು ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿ ಮರೆತುಬಿಡುತ್ತಾರೆ. ವಾಯುಗುಣ, ಇಂಧನ, ಅರ್ಥಶಾಸ್ತ್ರ ಈ ಮೂರನ್ನೂ ಒಟ್ಟಿಗೆ ಕಲಿಸಬಲ್ಲ ಇಷ್ಟು ಅಗ್ಗದ ಬೋಧನೋಪಕರಣ ಇನ್ನೊಂದು ಸಿಗುವುದು ಕಷ್ಟ.

ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು ಸರ್ವೋಚ್ಚ ನ್ಯಾಯಾಲಯ 1991ರಲ್ಲೇ ಹೇಳಿತು. ಆದರೆ ತರಗತಿಯಲ್ಲಿ ವಿಷಯ ಚೂರುಚೂರಾಗಿ ಹಂಚಿಹೋಗಿದೆ. ಇಂಗಾಲದ ಡೈಆಕ್ಸೈಡ್ ವಿಜ್ಞಾನದ ಮೇಷ್ಟರದು, ಅಣೆಕಟ್ಟು ಸಮಾಜದ ಮೇಡಂ ಅವರದು, ಶೇಕಡಾವಾರು ಗಣಿತದವರದು. ದೂರದರ್ಶನದಲ್ಲಿ ಕೆಲಸ ಮಾಡುವ ನಮ್ಮಂಥವರ ತಪ್ಪೂ ಇದೆ. ಭೂಮಿ ಬಿಸಿಯಾಗುತ್ತಿದೆ ಎಂದೊಡನೆ ಕರಗುವ ಹಿಮವನ್ನೂ ಹಿಮಕರಡಿಯನ್ನೂ ತೋರಿಸುತ್ತೇವೆ. ಮಗು ಅಯ್ಯೋ ಪಾಪ ಎನ್ನುತ್ತದೆ. ತನ್ನ ಮನೆಯ ಸ್ವಿಚ್ಚಿಗೂ ಅದಕ್ಕೂ ಇರುವ ನಂಟು ಅದಕ್ಕೆ ಕಾಣುವುದಿಲ್ಲ. ಆ ನಂಟನ್ನು ಬಿಲ್ಲಿನಿಂದ ಹೇಗೆ ಬಿಡಿಸಿ ತೋರಿಸಬಹುದು?

ಒಂದು ಯೂನಿಟ್ ಎಂದರೆ ಎಷ್ಟು?

ಸಾವಿರ ವ್ಯಾಟಿನ ಉಪಕರಣ ಒಂದು ಗಂಟೆ ನಡೆದರೆ ಒಂದು ಯೂನಿಟ್, ಅಂದರೆ 36 ಲಕ್ಷ ಜೂಲ್. ಈ ಸಂಖ್ಯೆ ಮಕ್ಕಳ ಮನಸ್ಸಿಗೆ ನಾಟಬೇಕಾದರೆ ಅವರನ್ನು ಮೆಟ್ಟಿಲು ಹತ್ತಿಸಿ. 40 ಕಿಲೊ ತೂಕದ ಹುಡುಗಿ ಹತ್ತು ಮೀಟರ್ ಎತ್ತರದ ಶಾಲಾ ಕಟ್ಟಡದ ಮೇಲೇರಿದರೆ ಆಗುವ ಕೆಲಸ ಸುಮಾರು 3,920 ಜೂಲ್. ಒಂದು ಯೂನಿಟ್ಟಿಗೆ ಸಮನಾಗಲು ಅವಳು 900ಕ್ಕೂ ಹೆಚ್ಚು ಬಾರಿ ಹತ್ತಬೇಕು!

ಮುಂದಿನ ಲೆಕ್ಕ ನಲ್ಲಿಯದು. ಕಾವೇರಿ ನೀರು ಸುಮಾರು ನೂರು ಕಿಲೊಮೀಟರ್ ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಪಂಪ್ ಆಗುತ್ತ, ಸುಮಾರು 500 ಮೀಟರ್ ಮೇಲೇರಿ ಬೆಂಗಳೂರಿಗೆ ಬರುತ್ತದೆ. ಸಾವಿರ ಲೀಟರ್ ನೀರನ್ನು ಅಷ್ಟು ಎತ್ತರಕ್ಕೆ ಎತ್ತಲು ಸೂತ್ರದ ಪ್ರಕಾರ 1.36 ಯೂನಿಟ್ ಸಾಕು. ಪಂಪು, ಕೊಳವೆಗಳಲ್ಲಿ ಆಗುವ ನಷ್ಟ ಸೇರಿಸಿದರೆ ಎರಡು ಯೂನಿಟ್ಟಿನ ಹತ್ತಿರ ಬರುತ್ತದೆ. ಸೋರುವ ನಲ್ಲಿಯಲ್ಲಿ ಕರೆಂಟೂ ಸೋರುತ್ತದೆ ಎಂಬುದನ್ನು ಮಕ್ಕಳೇ ಆಗ ಹೇಳುತ್ತಾರೆ.

ಅದು ಎಲ್ಲಿಂದ ಬಂತು?

ಗೋಡೆಯ ಮೇಲೆ ಕರ್ನಾಟಕದ ನಕ್ಷೆ ತೂಗುಹಾಕಿ. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ನಂತರ 1,035 ಮೆಗಾವ್ಯಾಟಿನ ಶರಾವತಿ, 1985ರಿಂದ ರಾಯಚೂರಿನ ಕಲ್ಲಿದ್ದಲು ಸ್ಥಾವರ, 2000ದಲ್ಲಿ ಕೈಗಾ, ಆಮೇಲೆ 2,050 ಮೆಗಾವ್ಯಾಟಿನ ಪಾವಗಡ ಸೌರ ಉದ್ಯಾನ. ಒಂದೊಂದರ ಪಕ್ಕದಲ್ಲೂ ಬಿಲ್ಲಿನಲ್ಲಿ ಬರೆಯದ ಖರ್ಚನ್ನು ಬರೆಸಿ. ಶರಾವತಿಯಲ್ಲಿ ಮುಳುಗಿದ ಊರುಗಳು, ರಾಯಚೂರಿನ ಹೊಗೆ ಮತ್ತು ಹಾರುಬೂದಿ. ಪಾವಗಡದಲ್ಲಿ ರೈತರ ಜಮೀನನ್ನು ಕೊಳ್ಳದೆ ಗುತ್ತಿಗೆಗೆ ಪಡೆಯಲಾಯಿತು. ಇದರಿಂದ ಜಮೀನಿದ್ದವರಿಗೆ ವರ್ಷ ವರ್ಷ ಹಣ ಬರುತ್ತದೆ. ಅಲ್ಲಿ ಕೂಲಿ ಮಾಡುತ್ತಿದ್ದವರಿಗೆ? ಅರ್ಥಶಾಸ್ತ್ರದ ಪಾಠ ಈ ಪ್ರಶ್ನೆಯಿಂದ ಶುರುವಾಗುತ್ತದೆ.

2023ರ ಬರವನ್ನೂ ನಕ್ಷೆಗೆ ಸೇರಿಸಿ. 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಜಲಾಶಯಗಳಲ್ಲಿ ನೀರಿಲ್ಲದೆ ಜಲವಿದ್ಯುತ್ ಕುಗ್ಗಿತು, ಮಳೆಯಿಲ್ಲದೆ ಪಂಪ್‌ಸೆಟ್ಟುಗಳ ಬೇಡಿಕೆ ಏರಿತು, ಪಂಜಾಬ್, ಉತ್ತರ ಪ್ರದೇಶಗಳಿಂದ ವಿದ್ಯುತ್ ತರಿಸಿಕೊಳ್ಳಬೇಕಾಯಿತು. ಒಂದು ಬರ ವಾಯುಗುಣ ಬದಲಾವಣೆಗೆ ಪುರಾವೆಯಲ್ಲ. ಇವತ್ತಿನ ಮಳೆ ಬಿಸಿಲು ಹವಾಮಾನ, ದಶಕಗಳ ಸರಾಸರಿ ವಾಯುಗುಣ. ಆದರೆ ಮಳೆ ಕೈಕೊಟ್ಟರೆ ದೀಪಕ್ಕೂ ದುಡ್ಡಿಗೂ ಏನಾಗುತ್ತದೆ ಎಂಬುದಕ್ಕೆ ಇದು ಕಣ್ಣೆದುರಿನ ಉದಾಹರಣೆ.

ಫ್ಯಾನಿನ ಲೆಕ್ಕ

ಹಳೆಯ ಸೀಲಿಂಗ್ ಫ್ಯಾನ್ 75 ವ್ಯಾಟ್ ಬಳಸುತ್ತದೆ ಎನ್ನೋಣ; ಹೊಸ ಬಗೆಯ ಮಿತವ್ಯಯದ ಫ್ಯಾನ್ 30 ವ್ಯಾಟ್. ದಿನಕ್ಕೆ 12 ಗಂಟೆ ತಿರುಗಿದರೆ ಉಳಿತಾಯ 0.54 ಯೂನಿಟ್, ತಿಂಗಳಿಗೆ ಸುಮಾರು 16. ಯೂನಿಟ್ಟಿಗೆ ಆರು ರೂಪಾಯಿ ಎಂದಿಟ್ಟುಕೊಂಡರೆ 96 ರೂಪಾಯಿ. ಫ್ಯಾನಿಗೆ 1,500 ರೂಪಾಯಿ ಹೆಚ್ಚು ಕೊಟ್ಟಿದ್ದರೆ ಹದಿನಾರು ತಿಂಗಳಲ್ಲಿ ಅಸಲು ವಾಪಸು. ದೇಶದ ಸರಾಸರಿಯಂತೆ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೊ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಹಾಗಾಗಿ ಈ ಒಂದು ಫ್ಯಾನಿನಿಂದ ತಿಂಗಳಿಗೆ 11 ಕಿಲೊ ಕಡಿಮೆ. ಇದು ಸರಾಸರಿ ಮಾತ್ರ. ಬಿಸಿಲಿರುವ ಮಧ್ಯಾಹ್ನದ ಯೂನಿಟ್ಟಿಗೂ ರಾತ್ರಿ ಎಂಟರ ಯೂನಿಟ್ಟಿಗೂ ಹೊಗೆಯ ಲೆಕ್ಕ ಒಂದೇ ಅಲ್ಲ.

ಸೊನ್ನೆ ಬಿಲ್ಲಿನ ಪ್ರಶ್ನೆ

ಇಲ್ಲಿ ಜಾಣ ಹುಡುಗನೊಬ್ಬ ಎದ್ದು ನಿಲ್ಲುತ್ತಾನೆ: "ಸಾರ್, ನಮ್ಮನೆ ಬಿಲ್ಲು ಸೊನ್ನೆ. ನಮಗೇನು ಉಳೀತು?" ಈ ಪ್ರಶ್ನೆಯನ್ನು ತೇಲಿಸಬೇಡಿ, ಇಡೀ ಪಾಠದ ಜೀವ ಇದರಲ್ಲಿದೆ. 2023ರಲ್ಲಿ ಗೃಹಜ್ಯೋತಿ ಜಾರಿಗೆ ಬಂದಾಗ ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇಕಡ 10 ಸೇರಿಸಿ, 200 ಯೂನಿಟ್ ಮೀರದಂತೆ ಉಚಿತವೆಂದು ನಿಗದಿಯಾಯಿತು. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಮಿತಿಯೊಳಗಿರುವ ಮನೆಗೆ ಫ್ಯಾನ್ ಬದಲಿಸಿದರೆ ಒಂದು ಪೈಸೆಯೂ ಉಳಿಯದು. ಆದರೆ ಉಳಿತಾಯ ಮಾಯವಾಗಿಲ್ಲ, ವಿಳಾಸ ಬದಲಿಸಿದೆ, ಅಷ್ಟೆ: ಆ 96 ರೂಪಾಯಿ ಸರ್ಕಾರದ ಬೊಕ್ಕಸದಲ್ಲಿ, ಅಂದರೆ ತೆರಿಗೆ ಕಟ್ಟುವ ಎಲ್ಲರ ಗಂಟಿನಲ್ಲಿ ಉಳಿಯಿತು, ಆ 11 ಕಿಲೊ ಗಾಳಿಗೆ ಸೇರಲಿಲ್ಲ. ಇನ್ನು 201 ಯೂನಿಟ್ ಮುಟ್ಟಿದ ಮನೆಗೆ ಅದೇ ಫ್ಯಾನ್ ಸಾವಿರಕ್ಕೂ ಮೀರಿದ ಬಿಲ್ ತಪ್ಪಿಸಬಲ್ಲದು. ಒಂದೇ ಫ್ಯಾನು, ಒಂದೇ ಬೀದಿ, ಎರಡು ಲೆಕ್ಕ.

ಹಾಗಾದರೆ ಉಚಿತ ತಪ್ಪೇ? ವಠಾರದ ಒಂದೇ ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುವ ತಾಯಿಗೆ ಆ ಸೊನ್ನೆ ತಿಂಗಳ ಹಾಲಿನ ದುಡ್ಡು. ಉತ್ತರವನ್ನು ಶಿಕ್ಷಕರು ಹೇಳಬಾರದು. ತರಗತಿಯನ್ನು ಎರಡು ಗುಂಪು ಮಾಡಿ ವಾದ ಮಾಡಿಸಿ. ಅರ್ಧ ಗಂಟೆಯ ನಂತರ ಪಕ್ಷ ಬದಲಿಸಿ.

ಒಂದು ಎಚ್ಚರಿಕೆ. ಬಿಲ್ಲು ಮನೆಯ ಸ್ಥಿತಿಗತಿಯನ್ನೂ ಬಯಲು ಮಾಡುತ್ತದೆ. ಹೆಸರು, ಆರ್.ಆರ್. ಸಂಖ್ಯೆ ಮಡಿಸಿ ಮುಚ್ಚಿ ತರಲು ಹೇಳಿ. ಯಾರ ಮನೆ ದೊಡ್ಡದು ಎಂಬ ಹೋಲಿಕೆ ಬೇಡ. ಎಲ್ಲ ಬಿಲ್ಲುಗಳನ್ನೂ ಕಲೆಸಿ ತರಗತಿಯ ಸರಾಸರಿ ತೆಗೆಯಿರಿ. ಮುಂದಿನ ತಿಂಗಳು ಮತ್ತೆ ತೆಗೆಯಿರಿ. ಕ್ಯಾಲೆಂಡರಿನ ಮೊಳೆಯಿಂದ ಚೀಟಿಯನ್ನು ಬಿಡಿಸಿಕೊಂಡು ಮಗು ಅಪ್ಪ ಅಮ್ಮನಿಗೆ ಓದಿ ಹೇಳಿದರೆ ಪಾಠ ಮನೆ ತಲುಪಿದಂತೆ.