ಬೋರ್ಡೋ ತಯಾರಿಕೆಯ ಚಿತ್ರ: ಮೊಬೈಲಿನಲ್ಲಿ ತೆಗೆಯುವ ಮತ್ತು ಸಂಕಲಿಸುವ ಬಗೆ

ಕಳೆದ ಮಳೆಗಾಲದಲ್ಲಿ ಭದ್ರಾವತಿ ಕಡೆಯ ನಮ್ಮ ಸದಸ್ಯರೊಬ್ಬರು ಸಂಘದ ಕಾರ್ಯಾಲಯಕ್ಕೆ ಬಂದು ತಮ್ಮ ಮೊಬೈಲನ್ನು ಮೇಜಿನ ಮೇಲಿಟ್ಟರು. "ಇದನ್ನು ನೋಡಿಯೇ ಬೋರ್ಡೋ ಮಾಡಿದೆ, ಸೆಕ್ರೆಟರಿಗಳೇ. ಎಳೆಗಾಯಿ ಎಲ್ಲಾ ಸುಟ್ಟ ಹಾಗಾಗಿದೆ" ಎಂದರು. ಅದು ಯಾರೋ ಯಾರಿಗೋ ಕಳುಹಿಸಿ, ಕೈಯಿಂದ ಕೈಗೆ ಬಂದ ಒಂದೂವರೆ ನಿಮಿಷದ ವೀಡಿಯೋ. ಮೈಲುತುತ್ತ ಕರಗಿಸುವುದಿತ್ತು, ಸುಣ್ಣ ಅರಳಿಸುವುದಿತ್ತು, ಎರಡನ್ನೂ ಸೇರಿಸುವುದಿತ್ತು, ಹಿನ್ನೆಲೆಯಲ್ಲಿ ಇಂಪಾದ ಸಂಗೀತವೂ ಇತ್ತು. ಚಾಕುವಿನ ಪರೀಕ್ಷೆ ಮಾತ್ರ ಇರಲಿಲ್ಲ. ಎರಡನೆಯ ಸಲ ನೋಡಿದಾಗ, ಬಕೆಟ್ಟಿನ ಪಕ್ಕದಲ್ಲಿ ಒಂದು ಚಾಕು ಬಿದ್ದಿರುವುದು ಕಂಡಿತು. ಚಿತ್ರ ತೆಗೆದವರು ಪರೀಕ್ಷೆ ಮಾಡಿಯೇ ಇದ್ದಿರಬೇಕು. ಉದ್ದವಾಯಿತೆಂದು ಆ ಭಾಗವನ್ನು ಕತ್ತರಿಸಿದ್ದಿರಬೇಕು. ನಮ್ಮ ಸದಸ್ಯರ ಸುಣ್ಣವೋ ಹಿಂದಿನ ವರ್ಷದ್ದು, ಗಾಳಿ ತಾಗಿ ಸತ್ವ ಕಳೆದುಕೊಂಡದ್ದು. ದ್ರಾವಣದಲ್ಲಿ ತಾಮ್ರದ ಅಂಶ ಮಿಕ್ಕು, ಔಷಧವೇ ಕಾಯಿಯನ್ನು ಸುಟ್ಟಿತು.

ಆದ್ದರಿಂದ ಬರುವ ಮಳೆಗಾಲಕ್ಕೆ ಮುಂಚೆ, ಬೋರ್ಡೋ ತಯಾರಿಕೆಯ ನಾಲ್ಕು ನಿಮಿಷದ ಚಿತ್ರವೊಂದನ್ನು ನಮ್ಮ ಸದಸ್ಯರ ತೋಟದಲ್ಲಿಯೇ ನಾವೇ ತೆಗೆಯಬೇಕೆಂದು ಆಡಳಿತ ಮಂಡಲಿ ನಿಶ್ಚಯಿಸಿದೆ. ಮೊಬೈಲು ಈಗ ಪ್ರತಿ ಮನೆಯಲ್ಲೂ ಇದೆ. ತೆಗೆಯುವ ಕ್ರಮ ತಿಳಿದಿದ್ದರೆ ಸಾಕು. ಅದನ್ನು ಕೆಳಗೆ ವಿವರಿಸಿದ್ದೇವೆ. ನಿಮ್ಮ ನಿಮ್ಮ ತೋಟದ ಬೇರೆ ಕೆಲಸಗಳ ಚಿತ್ರ ತೆಗೆಯುವುದಕ್ಕೂ ಇದೇ ಕ್ರಮ ಅನ್ವಯಿಸುತ್ತದೆ.

ನೋಡಿ ಕಲಿಯುವ ವಿದ್ಯೆ

ಬೆಳೆಗಾರನು ಓದಿ ಕಲಿಯುವುದಕ್ಕಿಂತ ನೋಡಿ ಕಲಿಯುವುದೇ ಹೆಚ್ಚು. ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುತ್ತಿದ್ದ ಕಾಲದಲ್ಲಿ, ಕೆನಡಾದಿಂದ ಬಂದು ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಡಾ. ಲೆಸ್ಲಿ ಕೋಲ್ಮನ್ ಅವರು ಕೊಳೆರೋಗವನ್ನು ಅಭ್ಯಸಿಸಿ 1910ರಲ್ಲಿ ವರದಿ ಪ್ರಕಟಿಸಿದರು. ಬೋರ್ಡೋ ಸಿಂಪರಣೆ ನಮ್ಮ ತೋಟಗಳಲ್ಲಿ ನೆಲೆಯೂರಿದ್ದು ಒಬ್ಬರ ತೋಟದಲ್ಲಿ ಫಲ ಕಂಡು ಮತ್ತೊಬ್ಬರು ಅನುಸರಿಸಿದ್ದರಿಂದ.

ಈಚಿನ ನಿದರ್ಶನವೂ ಇದೆ. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ಆರಂಭವಾದ 'ಡಿಜಿಟಲ್ ಗ್ರೀನ್' ಯೋಜನೆಯವರು ಕರ್ನಾಟಕದ 16 ಹಳ್ಳಿಗಳಲ್ಲಿ 13 ತಿಂಗಳು ಒಂದು ಪ್ರಯೋಗ ನಡೆಸಿದರು. ಸ್ಥಳೀಯ ರೈತರೇ ಕಾಣಿಸಿಕೊಳ್ಳುವ ವೀಡಿಯೋಗಳನ್ನು ತೆಗೆದು, ಊರಿನವರನ್ನು ಸೇರಿಸಿ, ನಡುನಡುವೆ ನಿಲ್ಲಿಸಿ ಚರ್ಚಿಸುತ್ತ ತೋರಿಸಿದರು. ವಾಡಿಕೆಯ ವಿಸ್ತರಣಾ ಕ್ರಮಕ್ಕೆ ಹೋಲಿಸಿದರೆ, ಕೆಲವು ಬೇಸಾಯ ಪದ್ಧತಿಗಳನ್ನು ಅಳವಡಿಸಿಕೊಂಡವರ ಪ್ರಮಾಣ ಏಳು ಪಟ್ಟು ಆಯಿತು. ತಮ್ಮಂಥವನೇ ಒಬ್ಬ ಮಾಡಿ ತೋರಿಸಿದರೆ ನಂಬಿಕೆ ಹುಟ್ಟುತ್ತದೆ. ಆ ನಂಬಿಕೆಗೆ ತಕ್ಕ ಹೊಣೆಯೂ ಚಿತ್ರ ತೆಗೆಯುವವನ ಮೇಲಿದೆ.

ಮೊದಲು ಕಾಗದ, ಆಮೇಲೆ ಕ್ಯಾಮೆರಾ

ಚಿತ್ರ ತೆಗೆಯುವ ಹಿಂದಿನ ದಿನ ಕಾಗದದ ಮೇಲೆ ಹೆಜ್ಜೆಗಳನ್ನು ಬರೆದುಕೊಳ್ಳಿರಿ. ಬೋರ್ಡೋ ಚಿತ್ರಕ್ಕೆ ನಾವು ಬರೆದುಕೊಂಡದ್ದು ಹೀಗಿದೆ:

1. ಶೇಕಡಾ 1ರ ದ್ರಾವಣ 100 ಲೀಟರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಒಳ್ಳೆಯ ಸುಟ್ಟ ಸುಣ್ಣ, ತಕ್ಕಡಿಯಲ್ಲಿ ತೂಗುವುದು.
2. ಪ್ಲಾಸ್ಟಿಕ್ ಪಾತ್ರೆಯಲ್ಲಿ 50 ಲೀಟರ್ ನೀರಿಗೆ ಮೈಲುತುತ್ತ ಕರಗಿಸುವುದು. ಕಬ್ಬಿಣದ ಪಾತ್ರೆ ಕೂಡದು.
3. ಇನ್ನೊಂದರಲ್ಲಿ ಸುಣ್ಣ ಅರಳಿಸಿ, ಸೋಸಿ, 50 ಲೀಟರ್ ಮಾಡುವುದು.
4. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯುತ್ತ ಕಲಕುವುದು.
5. ಉಜ್ಜಿ ಹೊಳಪಾಗಿಸಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ನೋಡುವುದು. ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣದ ನೀರು ಸೇರಿಸಿ ಮತ್ತೆ ಪರೀಕ್ಷಿಸುವುದು.
6. ಅದೇ ದಿನ ಸಿಂಪಡಿಸಿ ಮುಗಿಸುವುದು.

ಈ ಪಟ್ಟಿಯೇ ಚಿತ್ರದ ಬೆನ್ನೆಲುಬು. ಪ್ರತಿ ಹೆಜ್ಜೆಗೂ ಮೂರು ನೋಟ ಬೇಕು: ಎಲ್ಲಿ, ಯಾರು ಎಂದು ತೋರಿಸುವ ದೂರದ ನೋಟ, ಆಳು, ಪಾತ್ರೆ ಎರಡೂ ಕಾಣುವ ನಡುವಿನ ನೋಟ, ಕೈಯನ್ನೂ ವಸ್ತುವನ್ನೂ ತೋರಿಸುವ ಹತ್ತಿರದ ನೋಟ. ನಾಲ್ಕನೆಯ ಹೆಜ್ಜೆಯಲ್ಲಿ ಯಾವುದನ್ನು ಯಾವುದಕ್ಕೆ ಹೊಯ್ಯುತ್ತಿದ್ದಾರೆ ಎಂಬುದು ಒಂದೇ ನೋಟದಲ್ಲಿ ಕಾಣಬೇಕು. ನೀಲಿ ಡ್ರಮ್ಮಿನಲ್ಲಿ ನೀಲಿ ನೀರು ಕಾಣುವುದಿಲ್ಲ. ಮೈಲುತುತ್ತಕ್ಕೆ ಬಿಳಿಯ ಬಕೆಟ್ಟು, ಸುಣ್ಣಕ್ಕೆ ಕಪ್ಪು ಅಥವಾ ಕೆಂಪು ಬುಟ್ಟಿ ಇಟ್ಟುಕೊಳ್ಳಿರಿ. ಐದನೆಯ ಹೆಜ್ಜೆಗೆ, ಬೇಕೆಂದೇ ಸುಣ್ಣ ಕಡಿಮೆ ಹಾಕಿದ ಒಂದು ಚೊಂಬು ದ್ರಾವಣವನ್ನೂ ಮಾಡಿ, ಕೆಂಪಾದ ಚಾಕು, ಕೆಂಪಾಗದ ಚಾಕು ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ತೋರಿಸಿರಿ. ಇದನ್ನು ಒಮ್ಮೆ ಕಂಡವರು ಮರೆಯುವುದಿಲ್ಲ.

ಬೆಳಕು

ಅಡಿಕೆ ತೋಟದ ಬೆಳಕು ಕ್ಯಾಮೆರಾಕ್ಕೆ ಬಲು ತೊಡಕಿನದು. ಸೋಗೆಗಳ ನಡುವಿನಿಂದ ಬೀಳುವ ಬಿಸಿಲಿನ ತುಣುಕು ಬೆಳ್ಳಗೆ ಸುಟ್ಟಂತೆಯೂ, ನೆರಳು ಕಪ್ಪು ಮಸಿಯಂತೆಯೂ ಬರುತ್ತದೆ. ನಮ್ಮ ಕಣ್ಣು ಎರಡನ್ನೂ ಹೊಂದಿಸಿಕೊಳ್ಳುತ್ತದೆ, ಮೊಬೈಲಿಗೆ ಅಷ್ಟು ಶಕ್ತಿಯಿಲ್ಲ. ಬೆಳಿಗ್ಗೆ ಎಂಟರಿಂದ ಹತ್ತು ಗಂಟೆ, ಇಲ್ಲವೆ ಮೋಡ ಕವಿದ ಹೊತ್ತು ಉತ್ತಮ. ಸೂರ್ಯ ತೆಗೆಯುವವನ ಬೆನ್ನಿಗೋ ಪಕ್ಕಕ್ಕೋ ಇರಲಿ. ಮರದ ತುದಿಯನ್ನು ಆಕಾಶಕ್ಕೆ ಹಿಡಿದು ತೆಗೆದರೆ ಕೊನೆ ಬರಿಯ ಕಪ್ಪು ಮುದ್ದೆಯಾಗಿ ಕಾಣುತ್ತದೆ. ರೋಗ ತೋರಿಸಬೇಕಾದರೆ ಕೊನೆಗೌಡರಿಂದ ಒಂದು ಕೊನೆಯನ್ನು ಇಳಿಸಿ, ನೆರಳಿನಲ್ಲಿ ಬಿಳಿ ಪಂಚೆಯ ಮೇಲಿಟ್ಟು, ಗಾತ್ರ ತಿಳಿಯಲು ಪಕ್ಕದಲ್ಲೊಂದು ನಾಣ್ಯವಿಟ್ಟು ತೆಗೆಯಿರಿ. ಮರದ ಮೇಲಿರುವ ಕೊನೆಗೌಡರನ್ನು ಚಿತ್ರಕ್ಕಾಗಿ ಕೂಗಿ ಮಾತನಾಡಿಸಬಾರದು; ಅವರ ಕೈಗೆ ಮೊಬೈಲು ಕೊಡಲೂಬಾರದು.

ತೆರೆಯ ಮೇಲೆ ಮುಖ್ಯ ವಸ್ತುವಿರುವ ಜಾಗವನ್ನು ಬೆರಳಿನಿಂದ ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಹೆಚ್ಚಿನ ಮೊಬೈಲುಗಳಲ್ಲಿ ಬೆಳಕಿನ ಪ್ರಮಾಣವೂ ಸ್ಪಷ್ಟತೆಯೂ ಅಲ್ಲಿಗೇ ನಿಲ್ಲುತ್ತವೆ. ಹೀಗೆ ಮಾಡದಿದ್ದರೆ ಸೋಗೆ ಅಲುಗಿದಾಗಲೆಲ್ಲ ಚಿತ್ರ ಒಮ್ಮೆ ಬೆಳಗಿ ಒಮ್ಮೆ ಮಂಕಾಗುತ್ತದೆ.

ರಾತ್ರಿ ಅಡಿಕೆ ಸುಲಿಯುವಾಗ ದೀಪದಲ್ಲಿ ತೆಗೆದ ಚಿತ್ರದಲ್ಲಿ ಕಪ್ಪು ಪಟ್ಟಿಗಳು ಹರಿದಾಡುವುದನ್ನು ಹಲವರು ಕಂಡಿರಬಹುದು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದು. ಅದರಿಂದ ಉರಿಯುವ ಹಲವು ದೀಪಗಳು ಕಣ್ಣಿಗೆ ತಿಳಿಯದಂತೆ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಮೊಬೈಲು ಸಾಮಾನ್ಯವಾಗಿ ಸೆಕೆಂಡಿಗೆ 30 ಚಿತ್ರ ತೆಗೆಯುವುದರಿಂದ ಎರಡರ ತಾಳ ತಪ್ಪುತ್ತದೆ. ಸೆಟ್ಟಿಂಗಿನಲ್ಲಿ 25 ಎಂಬ ಆಯ್ಕೆ ಇದ್ದರೆ ಅದನ್ನು ಇಟ್ಟುಕೊಳ್ಳಿರಿ. ಹಗಲಿನಲ್ಲಿ ಈ ತೊಂದರೆಯಿಲ್ಲ.

ಹಿಡಿಯುವ ಬಗೆ

ಮೊದಲು ಕ್ಯಾಮೆರಾದ ಗಾಜನ್ನು ಒಣ ಹತ್ತಿ ಬಟ್ಟೆಯಿಂದ ಒರೆಸಿರಿ. ಮಸುಕು ಚಿತ್ರಗಳಲ್ಲಿ ಹೆಚ್ಚಿನವಕ್ಕೆ ಕಾರಣ ಬೆರಳಿನ ಜಿಡ್ಡು. ಮೊಬೈಲನ್ನು 'ಏರೋಪ್ಲೇನ್ ಮೋಡ್'ಗೆ ಹಾಕಿರಿ. ನಡುವೆ ಕರೆ ಬಂದರೆ ಚಿತ್ರೀಕರಣ ನಿಲ್ಲಬಹುದು. ಸಭೆಯಲ್ಲಿ ಪರದೆಯ ಮೇಲೆ ತೋರಿಸುವ ಚಿತ್ರವಾದ್ದರಿಂದ ಮೊಬೈಲನ್ನು ಅಡ್ಡಲಾಗಿಯೇ ಹಿಡಿಯಬೇಕು.

ಮೂರು ಕಾಲಿನ ಸ್ಟ್ಯಾಂಡ್ ಇಲ್ಲದಿದ್ದರೆ ಮರಕ್ಕೆ ಒರಗಿ, ಮೊಳಕೈಗಳನ್ನು ಪಕ್ಕೆಗೆ ಒತ್ತಿಕೊಂಡು ನಿಲ್ಲಿರಿ. ಪ್ರತಿ ನೋಟವನ್ನೂ ಅಲುಗಿಸದೆ ಹತ್ತು ಸೆಕೆಂಡು ಹಿಡಿಯಿರಿ; ಮನಸ್ಸಿನಲ್ಲಿ ಒಂದರಿಂದ ಹತ್ತು ಎಣಿಸಿರಿ. ತೋಟವನ್ನೆಲ್ಲ ತೋರಿಸಬೇಕೆಂದು ಸುತ್ತ ತಿರುಗಿಸಿದರೆ ನೋಡುವವರಿಗೆ ತಲೆ ಸುತ್ತುತ್ತದೆ, ಏನೂ ಕಾಣುವುದಿಲ್ಲ. ಎರಡು ಬೆರಳಿನಿಂದ ದೊಡ್ಡದು ಮಾಡುವುದಕ್ಕಿಂತ ಎರಡು ಹೆಜ್ಜೆ ಹತ್ತಿರ ಹೋಗುವುದು ಮೇಲು. ಬೆರಳಿನಿಂದ ಹಿಗ್ಗಿಸಿದಷ್ಟೂ ಚಿತ್ರದ ಸೂಕ್ಷ್ಮ ಕಳೆಯುತ್ತದೆ. ಕೆಲಸದವರ ಮುಖ ಬರುವುದಾದರೆ ಅವರನ್ನು ಮೊದಲೇ ಕೇಳಿ ಒಪ್ಪಿಗೆ ಪಡೆಯುವುದು ಮರ್ಯಾದೆ.

ಧ್ವನಿ

ನಮ್ಮಲ್ಲಿ ಹಿರಿಯರಾದವರಿಗೆ ಆಕಾಶವಾಣಿ ಭದ್ರಾವತಿ ಹೊಸದಲ್ಲ. 1965ರಲ್ಲಿ ಆರಂಭವಾದ ಆ ಕೇಂದ್ರದ ಕೃಷಿ ಕಾರ್ಯಕ್ರಮಗಳನ್ನು ಕೇಳಿಯೇ, ಚಿತ್ರವೊಂದೂ ಇಲ್ಲದೆ, ಎಷ್ಟೋ ಮಂದಿ ಎಷ್ಟೋ ಕಲಿತರು. ಕಣ್ಣು ಮುಚ್ಚಿ ಕೇಳಿದರೂ ವಿಷಯ ತಿಳಿಯುವಂತಿದ್ದರೆ ವೀಡಿಯೋದ ಧ್ವನಿ ಸರಿಯಾಗಿದೆ ಎಂದರ್ಥ.

ಮೊಬೈಲಿನ ಮೈಕು ನಾಲ್ಕು ಮಾರು ದೂರದ ಮಾತನ್ನೂ ಪಕ್ಕದ ಜೀರುಂಡೆಯನ್ನೂ ಒಂದೇ ಎಂದು ತಿಳಿಯುತ್ತದೆ. ಪಂಪು ನಿಲ್ಲಿಸಿ ಮಾತನಾಡಿರಿ. ಮಾತನಾಡುವವರ ಅಂಗಿಯ ಮೇಲುಜೇಬಿನಲ್ಲಿ ಇನ್ನೊಂದು ಮೊಬೈಲನ್ನು ಧ್ವನಿಮುದ್ರಣಕ್ಕೆ ಇಟ್ಟು, ಆರಂಭದಲ್ಲಿ ಕ್ಯಾಮೆರಾದ ಮುಂದೆ ಒಂದು ಚಪ್ಪಾಳೆ ತಟ್ಟಿಸಿರಿ. ಮುಂದೆ ಸಂಕಲನದಲ್ಲಿ ಚಪ್ಪಾಳೆಯ ಸದ್ದಿಗೆ ಕೈ ಕೂಡುವುದನ್ನು ಹೊಂದಿಸಿದರೆ ಮಾತು, ತುಟಿ ಒಂದಾಗುತ್ತವೆ. ವಿವರಣೆಯನ್ನು ಆಮೇಲೆ ಓದಿಸುವುದಾದರೆ, ಬಟ್ಟೆ ತುಂಬಿದ ಬೀರುವಿನ ಮುಂದೆಯೋ ಕಂಬಳಿ ಇಳಿಬಿಟ್ಟ ಕೋಣೆಯಲ್ಲೋ ಮುದ್ರಿಸಿಕೊಂಡರೆ ಪ್ರತಿಧ್ವನಿ ಬರುವುದಿಲ್ಲ.

ಸಂಕಲನ

ತೆಗೆದದ್ದನ್ನು ಆಯ್ದು ಜೋಡಿಸುವುದೇ ಸಂಕಲನ. ಮೊದಲ ಕೆಲಸ, ಮೂಲ ಚಿತ್ರಗಳನ್ನೆಲ್ಲ ಕಂಪ್ಯೂಟರಿಗೋ ಪೆನ್‌ಡ್ರೈವಿಗೋ ನಕಲು ಮಾಡಿಡುವುದು. ಒಂದೇ ಕಡೆ ಇದ್ದದ್ದು ಇಲ್ಲದಂತೆಯೇ ಸರಿ. ನಾಲ್ಕು ನಿಮಿಷದ ಚಿತ್ರಕ್ಕೆ ಅರ್ಧ ಗಂಟೆಯಷ್ಟು ತೆಗೆದಿರುತ್ತೇವೆ. ಅದು ಕೆಲವು ಜಿ.ಬಿ. ಜಾಗ ಹಿಡಿಯುತ್ತದೆ. ಸಂಕಲನಕ್ಕೆ ಮೊಬೈಲಿನಲ್ಲಿ ಕೈನ್‌ಮಾಸ್ಟರ್, ಇನ್‌ಶಾಟ್ ಮೊದಲಾದವುಗಳಿವೆ. ಕಂಪ್ಯೂಟರಿನಲ್ಲಿ ಡಾವಿಂಚಿ ರಿಸಾಲ್ವ್ ಎಂಬುದರ ಉಚಿತ ಆವೃತ್ತಿ ನಮ್ಮ ಅಗತ್ಯಕ್ಕೆ ಧಾರಾಳವಾಗಿ ಸಾಕು.

ಕಾಗದದ ಪಟ್ಟಿಯ ಕ್ರಮದಲ್ಲಿಯೇ ನೋಟಗಳನ್ನು ಜೋಡಿಸಿರಿ. ಮಾತನ್ನು ಕೂಡಿಸಿರಿ. ತೂಕ, ಅಳತೆ ಬಂದ ಕಡೆಗಳಲ್ಲೆಲ್ಲ ದೊಡ್ಡ ಅಕ್ಷರದಲ್ಲಿ ಬರೆದು, ಎರಡು ಸಲ ಓದುವಷ್ಟು ಹೊತ್ತು ನಿಲ್ಲಿಸಿರಿ. ಆರಂಭದಲ್ಲಿ ಊರು, ತಿಂಗಳು, ವರ್ಷ ಹಾಕಿರಿ. ವೀಡಿಯೋಗಳು ವರ್ಷಗಟ್ಟಲೆ ತಿರುಗುತ್ತಿರುತ್ತವೆ. ಇದೇ ದ್ರಾವಣ ಕಾಫಿಯ ಎಲೆತುಕ್ಕಿಗೆ ಶೇಕಡಾ ಅರ್ಧದ್ದು ಸಾಕಾಗುವುದರಿಂದ, 'ಇದು ಅಡಿಕೆಯ ಕೊಳೆರೋಗಕ್ಕೆ' ಎಂದು ಬರೆಯುವುದೂ ಅವಶ್ಯ. ಸಂಗೀತ ಬೇಕೇ ಬೇಕೆಂದರೆ ಕೊನೆಗೆ, ಮಾತಿಗಿಂತ ಬಹಳ ತಗ್ಗಿಸಿ ಸೇರಿಸಿರಿ.

ಇನ್ನು ಕತ್ತರಿಸುವ ವಿಚಾರ. ಚಾಕು ಒಂದು ನಿಮಿಷ ದ್ರಾವಣದಲ್ಲಿರಬೇಕು. ಆ ನಿಮಿಷವನ್ನೆಲ್ಲ ತೋರಿಸಬೇಕಾಗಿಲ್ಲ. ಅದ್ದುವುದನ್ನು ತೋರಿಸಿ, 'ಒಂದು ನಿಮಿಷ ಕಾದು' ಎಂದು ಬರೆದು, ಎತ್ತುವುದನ್ನು ತೋರಿಸಿದರೆ ಸಾಕು. ಕಾಯುವುದನ್ನು ಕತ್ತರಿಸಬಹುದು, ಕಾಯಬೇಕೆಂಬ ಮಾತನ್ನು ಕತ್ತರಿಸಕೂಡದು. ಬೇಕಾದದ್ದು ಯಾವುದು, ಬೇಡದ್ದು ಯಾವುದು ಎಂದು ತಿಳಿಯಲು ಒಂದು ಉಪಾಯವಿದೆ. ಮುಗಿದ ಚಿತ್ರವನ್ನು ಬೋರ್ಡೋ ಮಾಡಿಯೇ ಗೊತ್ತಿಲ್ಲದ ಒಬ್ಬರಿಗೆ ತೋರಿಸಿ, ಅದನ್ನು ಮಾತ್ರ ನೋಡಿ ಒಂದು ಬಕೆಟ್ಟು ದ್ರಾವಣ ಮಾಡಲು ಹೇಳಿರಿ. ಅವರು ಎಲ್ಲಿ ಕೈ ತಡೆದು ನಿಲ್ಲುತ್ತಾರೋ ಅಲ್ಲಿ ಚಿತ್ರ ಕುಂದಿದೆ.

ಕಳುಹಿಸುವುದು

ವಾಟ್ಸ್ಯಾಪಿನಲ್ಲಿ ವೀಡಿಯೋವನ್ನು ವಾಡಿಕೆಯಂತೆ ಕಳುಹಿಸಿದರೆ ಅದು ಚಿತ್ರವನ್ನು ಹಿಂಡಿ ಚಿಕ್ಕದು ಮಾಡುತ್ತದೆ. ಎಲೆಚುಕ್ಕಿಯನ್ನೋ ಕಾಯಿಯ ಮೇಲಿನ ಕಲೆಯನ್ನೋ ತಜ್ಞರಿಗೆ ತೋರಿಸಬೇಕಾದಾಗ 'ಡಾಕ್ಯುಮೆಂಟ್' ಎಂಬ ದಾರಿಯಿಂದ ಕಳುಹಿಸಿರಿ. ಮೂಲ ಚಿತ್ರ ಹಾಗೆಯೇ ತಲಪುತ್ತದೆ. ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯದ ತಜ್ಞರನ್ನು ಕಾಣಲು ಹೋಗುವಾಗ ರೋಗದ ಎಲೆ, ಕಾಯಿಯ ಮಾದರಿಯನ್ನೂ ಒಯ್ಯಿರಿ. ಒಳ್ಳೆಯ ಚಿತ್ರವಿದ್ದರೂ ಮಾದರಿ ಬೇಕೇ ಬೇಕು.

ಚಿತ್ರೀಕರಣ ಮಳೆಗೆ ಮುಂಚೆ, ಮೊದಲ ಸಿಂಪರಣೆಯ ಸಿದ್ಧತೆಯ ದಿನವೇ ನಡೆಯುವುದು. ಕೈ ಜೋಡಿಸಲು ಇಚ್ಛೆಯುಳ್ಳವರು, ಮುಖ್ಯವಾಗಿ ಸದಸ್ಯರ ಮನೆಯ ಯುವಕ ಯುವತಿಯರು, ಕಾರ್ಯಾಲಯದಲ್ಲಿ ಹೆಸರು ಕೊಡತಕ್ಕದ್ದು. ಎಳೆಗಾಯಿ ಕಳೆದುಕೊಂಡ ಆ ಸದಸ್ಯರೇ ತಮ್ಮ ತೋಟದಲ್ಲಿ ಚಿತ್ರ ತೆಗೆಯಲು ಒಪ್ಪಿ, ಚಾಕುವಿನ ಪರೀಕ್ಷೆಯನ್ನು ತಾವೇ ಮಾಡಿ ತೋರಿಸುವುದಾಗಿ ಹೇಳಿದ್ದಾರೆ. ಅವರಿಗೆ ಸಂಘವು ಋಣಿಯಾಗಿದೆ.