ಹವಳದ ದಿಬ್ಬದ ಮೇಲೆ ಉಸಿರಿನ ಲೆಕ್ಕ

ಆಸ್ಟ್ರೇಲಿಯಾದ ಈಶಾನ್ಯ ಕರಾವಳಿಯುದ್ದಕ್ಕೂ ಸುಮಾರು 2,300 ಕಿಲೋಮೀಟರ್ ಹಬ್ಬಿರುವ ಗ್ರೇಟ್ ಬ್ಯಾರಿಯರ್ ರೀಫ್ ಬಗ್ಗೆ ಭೂಗೋಳದ ಪಾಠದಲ್ಲಿ ನೀವು ಓದಿರುತ್ತೀರಿ. ನಕಾಶೆಯಲ್ಲಿ ಒಂದೇ ಗೋಡೆಯಂತೆ ಕಾಣುವ ಇದು ನಿಜವಾಗಿ ಸುಮಾರು 3,000 ಬಿಡಿಬಿಡಿ ಹವಳದ ದಿಬ್ಬಗಳ ಸಾಲು. ಈ ಸಾಲಿಗೂ ಕ್ವೀನ್ಸ್‌ಲ್ಯಾಂಡ್ ರಾಜ್ಯದ ತೀರಕ್ಕೂ ನಡುವೆ ವಿಟ್‌ಸಂಡೆ ಎಂಬ 74 ದ್ವೀಪಗಳ ಗುಂಪಿದೆ. ಏರ್ಲಿ ಬೀಚ್ ಎಂಬ ಊರಿನಿಂದ ಹಾಯಿದೋಣಿ ಬಾಡಿಗೆಗೆ ಹಿಡಿದು, ದೋಣಿಯಲ್ಲೇ ಅಡುಗೆ ಮಾಡಿಕೊಂಡು, ಅಲ್ಲೇ ಮಲಗಿ, ದ್ವೀಪದಿಂದ ದ್ವೀಪಕ್ಕೆ ಸಾಗುತ್ತಾ ನೀರಿಗಿಳಿದು ಹವಳ ನೋಡುವುದು ಇಲ್ಲಿನ ಪ್ರಸಿದ್ಧ ರಜಾ ಪ್ರವಾಸ.

ಪರದೆಯ ಮೇಲೆ ಈ ದೃಶ್ಯಗಳನ್ನು ನೋಡಿದವರಿಗೆ ಇದು ಬರಿಯ ಮೋಜಿನ ಆಟವೆನಿಸಬಹುದು. ಆದರೆ ನೀರಿಗಿಳಿಯುವ ಮೊದಲು ಪ್ರವಾಸಿಗರಿಗೆ ಕೆಲವು ಕಟ್ಟುನಿಟ್ಟಿನ ನಿಯಮಗಳನ್ನು ಹೇಳಿಕೊಡುತ್ತಾರೆ. ಉಸಿರು ಹಿಡಿಯಬೇಡಿ, ಬೇಗ ಮೇಲೆ ಬರಬೇಡಿ, ಏನನ್ನೂ ಮುಟ್ಟಬೇಡಿ, ಕಂಡಲ್ಲಿ ಲಂಗರು ಹಾಕಬೇಡಿ. ಪ್ರತಿಯೊಂದು 'ಬೇಡಿ'ಯ ಹಿಂದೆಯೂ ನೀವು ತರಗತಿಯಲ್ಲಿ ಕಲಿಯುವ ವಿಜ್ಞಾನವೇ ಇದೆ. ಅದೇನೆಂದು ನೋಡೋಣ.

ಮುಳುಗಿದ ಬೆಟ್ಟಗಳು

ವಿಟ್‌ಸಂಡೆ ದ್ವೀಪಗಳು ಒಂದು ಕಾಲದಲ್ಲಿ ಮುಖ್ಯಭೂಮಿಗೆ ಸೇರಿದ್ದ ಬೆಟ್ಟಗಳು. ಕಳೆದ ಹಿಮಯುಗ ಮುಗಿದು ಹಿಮ ಕರಗಿದಾಗ ಸಮುದ್ರದ ಮಟ್ಟ ಏರಿತು. ಕಣಿವೆಗಳು ಮುಳುಗಿ ಶಿಖರಗಳಷ್ಟೇ ಉಳಿದವು. ಆ ಶಿಖರಗಳ ಅಂಚಿನ ಆಳವಿಲ್ಲದ ನೀರಿನಲ್ಲಿ ಹವಳ ಬೆಳೆಯಿತು. ನ್ಗಾರೋ ಎಂಬ ಮೂಲನಿವಾಸಿಗಳು ಸಾವಿರಾರು ವರ್ಷಗಳಿಂದ ಈ ದ್ವೀಪಗಳ ನಡುವೆ ದೋಣಿ ನಡೆಸುತ್ತಿದ್ದರು. ಹುಕ್ ದ್ವೀಪದ ನಾರಾ ಇನ್ಲೆಟ್ ಎಂಬ ಕೊಲ್ಲಿಯ ಬಂಡೆಯಾಸರೆಯಲ್ಲಿ ಅವರ ಚಿತ್ರಗಳು ಇಂದಿಗೂ ಇವೆ. ವಿಟ್‌ಸಂಡೆ ಎಂಬ ಹೆಸರು 1770ರಲ್ಲಿ ಈ ದಾರಿಯಲ್ಲಿ ಬಂದ ಇಂಗ್ಲೆಂಡಿನ ನಾವಿಕ ಜೇಮ್ಸ್ ಕುಕ್ ಕೊಟ್ಟದ್ದು.

ಇಲ್ಲಿ ವರ್ಷದ ಹೆಚ್ಚಿನ ಕಾಲ ಆಗ್ನೇಯ ದಿಕ್ಕಿನಿಂದ ವಾಣಿಜ್ಯ ಮಾರುತ ಬೀಸುತ್ತದೆ. ಹಾಯಿ ಬಿಚ್ಚಲು ಇದು ಒಳ್ಳೆಯ ಗಾಳಿ. ಆದರೆ ಹವಳ ನೋಡಲು ತಿಳಿಯಾದ, ಅಲೆಯಿಲ್ಲದ ನೀರು ಬೇಕು. ಹೀಗಾಗಿ ದೋಣಿಗಳು ಬೆಟ್ಟದ ಮರೆಯಲ್ಲಿರುವ ಉತ್ತರದ ಕೊಲ್ಲಿಗಳನ್ನು ಹುಡುಕಿ ಹೋಗುತ್ತವೆ. ಹುಕ್ ದ್ವೀಪದ ಬಟರ್‌ಫ್ಲೈ ಬೇ, ಮಾಂಟಾ ರೇ ಬೇ ಅಂಥ ತಾಣಗಳು.

ಉದ್ದ ಕೊಳವೆ ಏಕಾಗದು?

ಅತ್ಯಂತ ಸುಲಭವಾದ ವಿಧಾನ ಸ್ನಾರ್ಕೆಲ್. ಮುಖಕ್ಕೊಂದು ಗಾಜಿನ ಮುಖವಾಡ, ಬಾಯಿಗೊಂದು ಬಾಗಿದ ಕೊಳವೆ, ಕಾಲಿಗೆ ರಬ್ಬರಿನ ರೆಕ್ಕೆ, ಇಷ್ಟೇ ಸಲಕರಣೆ. ನೀರಿನ ಮೇಲೆ ಬೋರಲಾಗಿ ತೇಲುತ್ತಾ ಕೆಳಗೆ ನೋಡುವುದು. ಮುಖವಾಡ ಏಕೆ ಬೇಕು? ನಮ್ಮ ಕಣ್ಣು ಗಾಳಿಯಿಂದ ಒಳಬರುವ ಬೆಳಕನ್ನು ಬಾಗಿಸಿ ಬಿಂಬ ಮೂಡಿಸುತ್ತದೆ. ಕಣ್ಣಿಗೆ ನೀರು ತಾಗಿದರೆ ಬೆಳಕು ಸಾಕಷ್ಟು ಬಾಗುವುದಿಲ್ಲ, ಎಲ್ಲವೂ ಮಸುಕಾಗುತ್ತದೆ. ಮುಖವಾಡ ಕಣ್ಣಿನ ಮುಂದೆ ಗಾಳಿಯ ಪದರವನ್ನು ಮರಳಿ ಒದಗಿಸುತ್ತದೆ. ಆದರೆ ನೀರಿನಿಂದ ಗಾಳಿಗೆ ಬರುವ ಬೆಳಕಿನ ವಕ್ರೀಭವನದಿಂದಾಗಿ ವಸ್ತುಗಳು ಇರುವುದಕ್ಕಿಂತ ಹತ್ತಿರವಾಗಿ, ದೊಡ್ಡದಾಗಿ ಕಾಣುತ್ತವೆ. 'ಅಷ್ಟು ದೊಡ್ಡ ಮೀನು ನೋಡಿದೆ' ಎಂದು ಯಾರಾದರೂ ಹೇಳಿದರೆ ಈ ಅಂಶವನ್ನು ಕಳೆದು ಲೆಕ್ಕ ಹಾಕಿ.

ಕೊಳವೆಯನ್ನು ಒಂದು ಮೀಟರ್ ಉದ್ದ ಮಾಡಿಕೊಂಡರೆ ಇನ್ನೂ ಆಳಕ್ಕೆ ಹೋಗಬಹುದಲ್ಲವೇ ಎಂದು ನೀವು ಕೇಳಬಹುದು. ಒಂದು ಮೀಟರ್ ಆಳದಲ್ಲಿ ನೀರಿನ ಭಾರ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 100 ಗ್ರಾಂ. ಎದೆಯ ಒಂದು ಚದರ ಅಡಿಗೆ ಲೆಕ್ಕ ಹಾಕಿದರೆ ಸುಮಾರು 90 ಕಿಲೋ. ದಪ್ಪನೆಯ ಆಳೊಬ್ಬ ಎದೆಯ ಮೇಲೆ ಕುಳಿತಂತೆ! ಕೊಳವೆಯೊಳಗಿನ ಗಾಳಿ ಮಾತ್ರ ಮೇಲಿನ ಸಾಮಾನ್ಯ ಒತ್ತಡದಲ್ಲೇ ಇರುವುದರಿಂದ ಪಕ್ಕೆಲುಬಿನ ಸ್ನಾಯುಗಳಿಗೆ ಎದೆಯನ್ನು ಹಿಗ್ಗಿಸಲು ಆಗುವುದಿಲ್ಲ. ಅಲ್ಲದೆ ಬಿಟ್ಟ ಉಸಿರೇ ಉದ್ದ ಕೊಳವೆಯಲ್ಲಿ ಉಳಿದು, ಅದನ್ನೇ ಮತ್ತೆ ಒಳಗೆಳೆದುಕೊಳ್ಳಬೇಕಾಗುತ್ತದೆ.

ಇನ್ನೊಂದು ಅಪಾಯ ಕಣ್ಣಿಗೆ ಕಾಣದು. ಮುಳುಗುವ ಮೊದಲು ಜೋರಾಗಿ ಹತ್ತಾರು ಸಲ ಉಸಿರಾಡಿದರೆ ಹೆಚ್ಚು ಹೊತ್ತು ನೀರಿನಡಿ ಇರಬಹುದೆಂದು ಹುಡುಗರು ನಂಬುತ್ತಾರೆ. ಹೀಗೆ ಮಾಡಿದಾಗ ಆಮ್ಲಜನಕ ಹೆಚ್ಚೇನೂ ಸೇರುವುದಿಲ್ಲ. ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಮಾತ್ರ ಕಡಿಮೆಯಾಗುತ್ತದೆ. 'ಉಸಿರು ತೆಗೆದುಕೋ' ಎಂದು ಮೆದುಳನ್ನು ಎಚ್ಚರಿಸುವುದು ಮುಖ್ಯವಾಗಿ ಇದೇ ಅನಿಲ. ಎಚ್ಚರಿಕೆ ಬರುವ ಮೊದಲೇ ಆಮ್ಲಜನಕ ಮುಗಿದು ಪ್ರಜ್ಞೆ ತಪ್ಪುತ್ತದೆ. ಈಜು ಬಲ್ಲವರೇ ಹೀಗೆ ಸದ್ದಿಲ್ಲದೆ ಮುಳುಗಿ ಸಾಯುವುದುಂಟು. ಇದು ಸಮುದ್ರಕ್ಕಷ್ಟೇ ಅಲ್ಲ, ನಮ್ಮೂರಿನ ಕೆರೆ, ಬಾವಿ, ಈಜುಕೊಳಗಳಿಗೂ ಅನ್ವಯಿಸುವ ಮಾತು.

ಬಾಯ್ಲನ ನಿಯಮ ನೀರಿನಡಿಯಲ್ಲಿ

ಆಳಕ್ಕಿಳಿಯಲು ಸ್ಕೂಬಾ ಬೇಕು. 1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ತೋ ಮತ್ತು ಎಮಿಲ್ ಗಾನ್ಯಾನ್ ರೂಪಿಸಿದ ಸಾಧನ ಇಂದಿನ ಸ್ಕೂಬಾಕ್ಕೆ ದಾರಿ ಮಾಡಿತು. ಇದರ ಜೀವಾಳ ರೆಗ್ಯುಲೇಟರ್. ಮುಳುಗುಗಾರ ಎಷ್ಟು ಆಳದಲ್ಲಿದ್ದಾನೋ ಅಲ್ಲಿನ ನೀರಿನ ಒತ್ತಡಕ್ಕೆ ಸಮನಾದ ಒತ್ತಡದಲ್ಲಿ ಅದು ಗಾಳಿಯನ್ನು ಒದಗಿಸುತ್ತದೆ. ಹೀಗಾಗಿ ಎದೆಯ ಮೇಲಿನ ಭಾರ ಸರಿದೂಗುತ್ತದೆ. ಬೆನ್ನಿನ ಸಿಲಿಂಡರಿನಲ್ಲಿರುವುದು ಶುದ್ಧ ಆಮ್ಲಜನಕವೆಂದು ಹಲವರು ತಿಳಿದಿದ್ದಾರೆ. ಸಾಮಾನ್ಯವಾಗಿ ಅದರಲ್ಲಿರುವುದು ನಾವು ಉಸಿರಾಡುವ ಗಾಳಿಯೇ. ಹೆಚ್ಚಿನ ಒತ್ತಡದಲ್ಲಿ ಶುದ್ಧ ಆಮ್ಲಜನಕ ವಿಷವಾಗುತ್ತದೆ.

ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒತ್ತಡ ಒಂದು ವಾಯುಭಾರದಷ್ಟು ಹೆಚ್ಚುತ್ತದೆ. ಮೇಲೆ 1, 10 ಮೀಟರಿನಲ್ಲಿ 2, 20ರಲ್ಲಿ 3, 30ರಲ್ಲಿ 4. ಬಾಯ್ಲನ ನಿಯಮದಂತೆ ಒತ್ತಡ ಹೆಚ್ಚಿದಷ್ಟೂ ಅನಿಲದ ಗಾತ್ರ ಕುಗ್ಗುತ್ತದೆ. ಇಳಿಯುವಾಗ ಕಿವಿಯೊಳಗಿನ ಗಾಳಿ ಕುಗ್ಗಿ ಕಿವಿತಮಟೆ ಒಳಕ್ಕೆ ಒತ್ತಿ ನೋಯುತ್ತದೆ. ಮೂಗು ಹಿಡಿದು ಮೆಲ್ಲಗೆ ಊದಿ ಅದನ್ನು ಸರಿದೂಗಿಸಬೇಕು. ಏರುವಾಗ ಇದರ ವಿರುದ್ಧ. 10 ಮೀಟರ್ ಆಳದಲ್ಲಿ ಶ್ವಾಸಕೋಶ ತುಂಬಿಕೊಂಡ 5 ಲೀಟರ್ ಗಾಳಿ ಮೇಲೆ ಬರುವಷ್ಟರಲ್ಲಿ 10 ಲೀಟರ್ ಆಗಬಯಸುತ್ತದೆ. ಉಸಿರು ಹಿಡಿದಿದ್ದರೆ ಶ್ವಾಸಕೋಶ ಹರಿಯುತ್ತದೆ. ಆದ್ದರಿಂದಲೇ ಸ್ಕೂಬಾದ ಮೊದಲ ನಿಯಮ: ಎಂದಿಗೂ ಉಸಿರು ಹಿಡಿಯಬೇಡಿ.

ಎರಡನೆಯ ನಿಯಮಕ್ಕೆ ಗೋಲಿ ಸೋಡಾ ನೆನೆಸಿಕೊಳ್ಳಿ. ಗೋಲಿ ಒತ್ತಿದೊಡನೆ ಒತ್ತಡ ಇಳಿದು ಕರಗಿದ್ದ ಅನಿಲ ಗುಳ್ಳೆಗಳಾಗಿ ಉಕ್ಕುತ್ತದೆ. ಆಳದಲ್ಲಿರುವವನ ರಕ್ತ, ಮಾಂಸಗಳಲ್ಲಿ ಗಾಳಿಯ ಸಾರಜನಕ ಹೀಗೆಯೇ ಕರಗುತ್ತದೆ. ಅವನು ಸರ್ರನೆ ಮೇಲೆ ಬಂದರೆ ದೇಹದೊಳಗೇ ಗುಳ್ಳೆಗಳೇಳುತ್ತವೆ. ಕೀಲುನೋವಿನಿಂದ ಪಾರ್ಶ್ವವಾಯುವಿನವರೆಗೆ ಇದರ ಪರಿಣಾಮ. ಬ್ರಿಟನ್ನಿನ ಜೆ. ಎಸ್. ಹಾಲ್ಡೇನ್ ಆಡುಗಳ ಮೇಲೆ ಪ್ರಯೋಗ ನಡೆಸಿ 1908ರಲ್ಲಿ ಪ್ರಕಟಿಸಿದ ಕೋಷ್ಟಕಗಳು ಹಂತಹಂತವಾಗಿ ಮೇಲೇರುವ ಕ್ರಮವನ್ನು ತೋರಿಸಿಕೊಟ್ಟವು. ಇಂದು ಮುಳುಗುಗಾರರು ನಿಧಾನವಾಗಿ ಏರುತ್ತಾ, 5 ಮೀಟರ್ ಆಳದಲ್ಲಿ ಸುಮಾರು 3 ನಿಮಿಷ ನಿಂತು ಬರುತ್ತಾರೆ. ಮುಳುಗಿದ ದಿನವೇ ವಿಮಾನ ಹತ್ತಬಾರದೆನ್ನುವುದೂ ಇದೇ ಕಾರಣಕ್ಕೆ. ಎತ್ತರದಲ್ಲಿ ಒತ್ತಡ ಇನ್ನೂ ಕಡಿಮೆ.

ಆಳದಲ್ಲಿ ಬಣ್ಣಗಳೂ ಮಾಯವಾಗುತ್ತವೆ. ನೀರು ಮೊದಲು ನುಂಗುವುದು ಕೆಂಪನ್ನು. ಕೆಲವೇ ಮೀಟರ್ ಕೆಳಗೆ ಕೆಂಪು ಹವಳ ಬೂದಿ ಬಣ್ಣಕ್ಕೆ ತಿರುಗುತ್ತದೆ. ದೂರದರ್ಶನದಲ್ಲಿ ನೀವು ಕಾಣುವ ಕಡುಗೆಂಪು, ಕೇಸರಿ ಬಣ್ಣಗಳು ಛಾಯಾಗ್ರಾಹಕರು ಜೊತೆಗೆ ಒಯ್ದ ದೀಪದ ಬೆಳಕಿನಿಂದ ಮೂಡಿದವು.

ಮುಟ್ಟಬಾರದ ಕಲ್ಲು

ಹವಳ ಕಲ್ಲಿನಂತೆ ಕಂಡರೂ ಪ್ರಾಣಿ. ಪಾಲಿಪ್ ಎಂಬ ಪುಟ್ಟ ಜೀವಿಗಳ ಕೂಡುಕುಟುಂಬ ಅದು. ಅವು ಸಮುದ್ರದ ನೀರಿನಿಂದ ಕ್ಯಾಲ್ಸಿಯಂ ಕಾರ್ಬೊನೇಟ್ ಕಟ್ಟಿಕೊಂಡು ಗೂಡು ಮಾಡುತ್ತವೆ. ಜೀವವಿರುವುದು ಹೊರಗಿನ ತೆಳುಪದರದಲ್ಲಿ ಮಾತ್ರ. ಆ ಪದರದೊಳಗೆ ಸೂಕ್ಷ್ಮ ಪಾಚಿಗಳು ಬಾಡಿಗೆಗಿವೆ. ದ್ಯುತಿಸಂಶ್ಲೇಷಣೆಯಿಂದ ತಯಾರಾದ ಆಹಾರದ ಬಹುಪಾಲನ್ನು ಅವು ಬಾಡಿಗೆಯಾಗಿ ಹವಳಕ್ಕೆ ಕೊಡುತ್ತವೆ. ಕವಲೊಡೆದ ಜಾತಿಗಳು ವರ್ಷಕ್ಕೆ ಹತ್ತು ಸೆಂಟಿಮೀಟರ್ ಬೆಳೆದರೆ, ಗುಂಡುಬಂಡೆಯಂತಹವು ಒಂದು ಸೆಂಟಿಮೀಟರ್ ಬೆಳೆದರೆ ಹೆಚ್ಚು. ಒಂದು ಕಾಲೊದೆತ, ಒಂದು ಲಂಗರಿನ ಸರಪಳಿ ಹತ್ತಾರು ವರ್ಷಗಳ ಬೆಳವಣಿಗೆಯನ್ನು ಕ್ಷಣದಲ್ಲಿ ಮುರಿಯುತ್ತದೆ.

ಇದಕ್ಕಾಗಿಯೇ ವಿಟ್‌ಸಂಡೆಯ ಕೊಲ್ಲಿಗಳಲ್ಲಿ ತಳಕ್ಕೆ ಶಾಶ್ವತವಾಗಿ ಬಿಗಿದ ತೇಲುಬುರುಡೆಗಳಿವೆ. ದೋಣಿಗಳನ್ನು ಅವಕ್ಕೆ ಕಟ್ಟಬಹುದು. ಬಿಳಿ ಪಿರಮಿಡ್ ಆಕಾರದ ಗುರುತುಗಳ ಒಳಬದಿಯಲ್ಲಿ ಲಂಗರು ನಿಷಿದ್ಧ. 1975ರ ಕಾಯಿದೆಯಿಂದ ರಕ್ಷಣೆ ಪಡೆದ ಈ ಸಾಗರೋದ್ಯಾನದ ಮೂರನೆಯ ಒಂದು ಭಾಗದಲ್ಲಿ 2004ರಿಂದ ಮೀನು ಹಿಡಿಯುವಂತಿಲ್ಲ. 2017ರ ಮಾರ್ಚ್‌ನಲ್ಲಿ ಡೆಬ್ಬಿ ಚಂಡಮಾರುತ ಅಪ್ಪಳಿಸಿ, ಮಾಂಟಾ ರೇ ಬೇಯ ದೊಡ್ಡ ಹವಳದ ಬಂಡೆಗಳನ್ನು ದಡಕ್ಕೆಸೆದಾಗ ಅವನ್ನು ಮತ್ತೆ ನೀರಿಗೆ ತಳ್ಳಲಾಯಿತು.

ಆದರೆ ತೇಲುಬುರುಡೆಯಾಗಲಿ ಕಾಯಿದೆಯಾಗಲಿ ತಡೆಯಲಾಗದ ಅಪಾಯವೊಂದಿದೆ. ಬೇಸಿಗೆಯ ಗರಿಷ್ಠ ಉಷ್ಣತೆಗಿಂತ ನೀರು ಒಂದೇ ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕುತ್ತದೆ. ಬಣ್ಣ ಹೋಗಿ ಬಿಳಿಚಿಕೊಳ್ಳುತ್ತದೆ. ನೀರು ಬೇಗ ತಣಿದರೆ ಚೇತರಿಸಿಕೊಳ್ಳುತ್ತದೆ, ಇಲ್ಲದಿದ್ದರೆ ಹಸಿವಿನಿಂದ ಸಾಯುತ್ತದೆ. ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ 1998, 2002, 2016, 2017, 2020, 2022, 2024ರಲ್ಲಿ ಇದು ವ್ಯಾಪಕವಾಗಿ ಸಂಭವಿಸಿತು. ವರ್ಷಗಳ ನಡುವಿನ ಅಂತರ ಕಿರಿದಾಗುತ್ತಿರುವುದನ್ನು ಗಮನಿಸಿ. ಚೇತರಿಕೆಗೆ ಹತ್ತು ವರ್ಷ ಬೇಕಾದ ಕಡೆ ಎರಡೇ ವರ್ಷ ಸಿಕ್ಕರೆ ಏನಾದೀತು?

ನಮ್ಮ ಸಮುದ್ರದಲ್ಲಿ

ಇದು ದೂರದ ಕತೆಯಲ್ಲ. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಬಹುದಾದ ನೇತ್ರಾಣಿ ದ್ವೀಪದ ಬಂಡೆಗಳ ಸುತ್ತ ಹವಳವಿದೆ. ಅಲ್ಲಿ ಸ್ಕೂಬಾ ಕಲಿಸುತ್ತಾರೆ. ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್ ಮೊದಲಾದ ಉತ್ತರದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ವಿಟ್‌ಸಂಡೆಯಲ್ಲಿ ಹವಳ ಅಳಿದರೂ ಬೆಟ್ಟ ಉಳಿದೀತು. ಲಕ್ಷದ್ವೀಪದಲ್ಲಿ ನೆಲವೇ ಹವಳದ ಮರಳು. ಸಮುದ್ರಕ್ಕಿಂತ ಕೆಲವೇ ಮೀಟರ್ ಎತ್ತರವಿರುವ ಆ ನೆಲವನ್ನು ಅಲೆಗಳಿಂದ ಕಾಯುವುದೂ ಸುತ್ತಲಿನ ಜೀವಂತ ದಿಬ್ಬವೇ. ಅಲ್ಲಿಯೂ 1998, 2010, 2016, 2024ರಲ್ಲಿ ಹವಳ ಬಿಳಿಚಿಕೊಂಡಿತು. ಮುಂದೊಂದು ದಿನ ನೀವು ಮುಖವಾಡ ತೊಟ್ಟು ಆ ನೀರಿಗಿಳಿದಾಗ, ಕೈ ಚಾಚುವ ಮೊದಲು ನೆನಪಿಡಿ: ಆ ದಿಬ್ಬದ ಮರೆಯಲ್ಲಿ ಒಂದು ಊರೇ ವಾಸವಾಗಿದೆ.