ಎರವಿನ ಬಣ್ಣದ ಛಾಯಾಚಿತ್ರ

ದಾಸವಾಳದ ಬಳಿಯಲ್ಲಿಟ್ಟ ಸ್ಫಟಿಕವು ಕೆಂಪಾಗಿ ತೋರುವುದೆಂಬ ದೃಷ್ಟಾಂತವನ್ನು ನಮ್ಮ ಶಾಸ್ತ್ರಕಾರರು ಮೇಲಿಂದ ಮೇಲೆ ಹೇಳಿರುವರು. ಆ ಕೆಂಪು ಹೂವಿನದೇ ಹೊರತು ಸ್ಫಟಿಕದ್ದಲ್ಲ. ಬಣ್ಣದ ಗಾಜಿನ ಕಿಟಕಿಯಿಂದ ಗೋಡೆಯ ಮೇಲೆ ಬೀಳುವ ಬೆಳಕೂ ಇಂತಹುದೇ. ಗೋಡೆಗೆ ಅದು ಎರವಿನ ಬಣ್ಣ. ಸೂರ್ಯನು ಸರಿದೊಡನೆ ಮಾಯವಾಗುವುದು. ಅದನ್ನು ಇದ್ದಂತೆಯೇ ಛಾಯಾಚಿತ್ರದಲ್ಲಿ ಉಳಿಸುವ ಬಗೆಯನ್ನು ವಾಚಕರಿಗೆ ತಿಳಿಸಬಯಸುತ್ತೇವೆ.

ನಮ್ಮ ನಾಡಿನಲ್ಲಿ ಬಣ್ಣದ ಗಾಜಿನ ಕೆಲಸಕ್ಕೆ ಮೈಸೂರು ಪ್ರಸಿದ್ಧವಾಗಿದೆ. 1912ರಲ್ಲಿ ಪೂರ್ಣಗೊಂಡ ಅರಮನೆಯ ಕಲ್ಯಾಣಮಂಟಪದ ಛಾವಣಿಯಲ್ಲಿ ಗಾಜಿನ ನವಿಲುಗಳಿವೆ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಸ್ತಿವಾರದ ಕಲ್ಲನ್ನಿಟ್ಟ ಸಂತ ಫಿಲೋಮಿನಾ ಚರ್ಚಿನ ಕಿಟಕಿಗಳಲ್ಲಿ ಯೇಸುವಿನ ಜನನ, ಕೊನೆಯ ಭೋಜನ, ಪುನರುತ್ಥಾನ ಮೊದಲಾದ ಚಿತ್ರಗಳಿವೆ. ಇಂತಹ ಸ್ಥಳಗಳಿಗೆ ಹೋದವರು ಬಹುಶಃ ಗಾಜಿನ ಚಿತ್ರವನ್ನು ತೆಗೆದುಕೊಂಡೇ ಹೊರಟುಬಿಡುವರು. ಗಾಜನ್ನು ದಾಟಿ ಒಳಬಂದ ಬೆಳಕಿನತ್ತ ತಿರುಗಿ ನೋಡುವವರು ವಿರಳ.

ಕೆಂಪು ಗಾಜು ಉಳಿದ ಬಣ್ಣಗಳನ್ನು ನುಂಗಿ ಕೆಂಪನ್ನು ಮಾತ್ರ ಒಳಗೆ ಬಿಡುವುದು. ನೀಲಿ ಗಾಜಿಗೆ ಆ ಗುಣವನ್ನು ಕೊಡುವುದು ಅದರಲ್ಲಿ ಬೆರೆತ ಕೋಬಾಲ್ಟ್ ಎಂಬ ಲೋಹ. ಬೆಳಕು ನೆಲದ ಮೇಲೆ ಸ್ಪಷ್ಟವಾಗಿ ಮೂಡಬೇಕಾದರೆ ಮೋಡವಿಲ್ಲದ ಆಕಾಶ ಬೇಕು. ಮೂಡಣ ಕಿಟಕಿಗೆ ಬೆಳಗಿನ ಹೊತ್ತು, ಪಡುವಣ ಕಿಟಕಿಗೆ ಸಂಜೆಯ ಹೊತ್ತು ಪ್ರಶಸ್ತ. ಇನ್ನೊಂದು ವಿಷಯ: ಸೂರ್ಯನು ಬಿಂದುವಲ್ಲ, ಅರ್ಧ ಅಂಶದಷ್ಟು ಅಗಲದ ಬಿಂಬ. ಆದುದರಿಂದ 10 ಮೀಟರ್ ದೂರ ಸಾಗಿಬಂದ ಬೆಳಕಿನ ಅಂಚು ಸುಮಾರು 9 ಸೆಂಟಿಮೀಟರಿನಷ್ಟು ಮಸುಕಾಗುವುದು. ಗಾಜಿನ ಆಕೃತಿಯೇ ಬೇಕೆಂಬವರು ಕಿಟಕಿಯ ಸಮೀಪದ ಗೋಡೆಯನ್ನು ಆರಿಸತಕ್ಕದ್ದು.

ಕ್ಯಾಮೆರಾ ಆಗಲಿ ಮೊಬೈಲು ಆಗಲಿ, ಯಂತ್ರಕ್ಕೆ ಒಂದು ಸ್ವಭಾವವಿದೆ. ಗೋಡೆ ಬಿಳಿಯದಾಗಿ ಕಾಣಬೇಕೆಂದು ಅದು ಬಣ್ಣವನ್ನು ತಾನೇ ತಿದ್ದತೊಡಗುವುದು. ನಮಗೆ ಬೇಕಾದುದೇ ಅಲ್ಲಿ ಕಳೆದುಹೋಗುವುದು. ಇದನ್ನು ತಡೆಯಲು ‘ವೈಟ್ ಬ್ಯಾಲೆನ್ಸ್’ ಎಂಬಲ್ಲಿ ಸೂರ್ಯನ ಗುರುತನ್ನು ಆರಿಸಿಕೊಳ್ಳಬೇಕು. ಚಿತ್ರವನ್ನು ತುಸು ಕತ್ತಲಾಗಿಯೇ ತೆಗೆಯಬೇಕು. ಬೆಳಕು ಹೆಚ್ಚಾದರೆ ಕೆಂಪು ಉಕ್ಕಿ ಕಲ್ಲಿನ ನಯವೆಲ್ಲ ಅಳಿಸಿಹೋಗುವುದು. ಫ್ಲ್ಯಾಶನ್ನಂತೂ ಹಾಕಲೇಕೂಡದು, ಅದರ ಬಿಳಿ ಬೆಳಕು ಎರವಿನ ಬಣ್ಣವನ್ನು ತೊಳೆದುಬಿಡುವುದು. ಬಿಳಿಯ ಅಂಗಿ ತೊಟ್ಟ ಮಗುವೊಂದು ಆ ಬೆಳಕಿನಲ್ಲಿ ನಿಂತರೆ ಚಿತ್ರಕ್ಕೆ ಜೀವ ಬರುವುದು. ಆದರೆ ದೇವಾಲಯವಾಗಲಿ ಚರ್ಚಾಗಲಿ, ಅಪ್ಪಣೆ ಪಡೆದು, ಪ್ರಾರ್ಥನೆಯ ವೇಳೆಯನ್ನು ಬಿಟ್ಟು ಚಿತ್ರ ತೆಗೆಯುವುದು ಸಜ್ಜನರ ರೀತಿ.

ತೆಗೆದ ಮೇಲೆ ಬಣ್ಣವನ್ನು ಗಾಢಗೊಳಿಸುವ ಚಪಲ ಹಲವರಿಗುಂಟು. ಎರವು ತಂದ ಒಡವೆಯನ್ನು ಇದ್ದಂತೆಯೇ ಒಪ್ಪಿಸಬೇಕೆಂಬುದನ್ನು ನಮ್ಮ ಗೃಹಿಣಿಯರಿಗೆ ಯಾರೂ ಕಲಿಸಬೇಕಾಗಿಲ್ಲ. ಇಲ್ಲಿಯೂ ಅದೇ ನ್ಯಾಯ.

ಇಷ್ಟಕ್ಕೆಲ್ಲ ಮೈಸೂರಿಗೇ ಹೋಗಬೇಕೆಂದಿಲ್ಲ. ನಮ್ಮ ಅಕ್ಕೋಳದ ಅಂಗಳದಲ್ಲಿಯೇ ಹಸಿರು ಗಾಜಿನ ಬಳೆಯೊಂದನ್ನು ಎಳೆಬಿಸಿಲಿಗೆ ಹಿಡಿದರೆ ಸುಣ್ಣದ ಗೋಡೆಯ ಮೇಲೆ ಹಸಿರು ಉಂಗುರವು ಮೂಡುವುದು. ಮಕ್ಕಳಿಗೆ ಅಭ್ಯಾಸವನ್ನು ಅಲ್ಲಿಂದಲೇ ಆರಂಭಿಸಬಹುದು.